ಹಳೆ ಮರದ ಪೀಠೋಪಕರಣದ ಮೇಣ ತೆಗೆಯುವುದು ಹೇಗೆ? ಹೊಸ ಪಾಲಿಶ್‌ಗೆ ಮೊದಲು ಮಾಡಬೇಕಾದ ಕೆಲಸ

ನಮ್ಮ ಮನೆ ಜಗಲಿಯಲ್ಲಿ ಅಜ್ಜನ ಕಾಲದ ಬೀಟೆ ಮರದ ಆರಾಮ ಕುರ್ಚಿ ಒಂದಿದೆ. ಬೆತ್ತದ ಹೆಣಿಗೆ, ಉದ್ದನೆಯ ಕೈಗಳು. ಪ್ರತಿ ವರ್ಷ ದೀಪಾವಳಿ ಹತ್ತಿರ ಬಂದಾಗ ಅಜ್ಜಿ ಅದಕ್ಕೆ ಜೇನುಮೇಣದ ಪಾಲಿಶ್ ಹಚ್ಚಿ ಉಜ್ಜುತ್ತಿದ್ದರು. ಹಳೆಯದನ್ನು ಯಾರೂ ತೆಗೆಯಲಿಲ್ಲ, ಅದರ ಮೇಲೆಯೇ ಹೊಸದು. ಹೀಗೆ ನಲವತ್ತು ವರ್ಷದ ಮೇಣ ಕೂತಿತ್ತು. ಬೇಸಿಗೆಯಲ್ಲಿ ಕೈ ಇಟ್ಟರೆ ಅಂಟುತ್ತಿತ್ತು. ಧೂಳು ಕಚ್ಚಿಕೊಂಡು ಬೀಟೆಯ ಗೆರೆಗಳೇ ಕಾಣದಷ್ಟು ಕಪ್ಪಾಗಿತ್ತು.

ಆ ಕುರ್ಚಿಗೆ ಕೈ ಹಾಕುವ ಮೊದಲು ನಾನು ಒಂದು ತೇಗದ ಟೀಪಾಯಿ ಹಾಳು ಮಾಡಿದ್ದೆ. ಅದಕ್ಕೂ ಮೇಣ ಹಚ್ಚಿದ್ದರು. ಸ್ಯಾಂಡ್ ಪೇಪರ್ ಹಾಕಿ ಉಜ್ಜಿದರೆ ಮೇಣ ಹೋಗುತ್ತದೆ ಅಂದುಕೊಂಡೆ. ಉಜ್ಜಿ ಪಿಯು, ಅಂದರೆ ಪಾಲಿಯುರಥೇನ್ ಪಾಲಿಶ್ ಹೊಡೆದೆ. ಮೂರು ದಿನ ಕಳೆದರೂ ಅಲ್ಲಲ್ಲಿ ಅಂಟುತ್ತಲೇ ಇತ್ತು. ಒಣಗಿದ ಕಡೆ ಉಗುರು ತಾಗಿದರೆ ಹಾಲಿನ ಕೆನೆಯ ಹಾಗೆ ಎದ್ದು ಬಂತು. ಪೂರ್ತಿ ಕಿತ್ತು ಮತ್ತೆ ಮೊದಲಿನಿಂದ ಶುರು ಮಾಡಬೇಕಾಯಿತು. ಆಗ ಕಲಿತದ್ದನ್ನೂ ಕುರ್ಚಿಯಲ್ಲಿ ಮಾಡಿ ನೋಡಿದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯ ಹಳೆ ಸಾಮಾನು ಹಾಗಾಗಬಾರದು.

ಉಜ್ಜಿದರೆ ಯಾಕೆ ಹೋಗುವುದಿಲ್ಲ?

ಜೇನುಮೇಣ 62ರಿಂದ 65 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಮೆತ್ತಗಾಗುವುದು ಅದಕ್ಕಿಂತ ಎಷ್ಟೋ ಮೊದಲೇ. ಸ್ಯಾಂಡ್ ಪೇಪರಿನಿಂದ ಉಜ್ಜಿದಾಗ ಬಿಸಿ ಹುಟ್ಟುತ್ತದೆ, ಮೇಣ ಮೆತ್ತಗಾಗುತ್ತದೆ. ಸ್ವಲ್ಪ ಪೇಪರಿಗೆ ಅಂಟಿಕೊಂಡು ಅದನ್ನು ನುಣುಪು ಮಾಡಿಬಿಡುತ್ತದೆ, ಉಳಿದದ್ದು ಮರದ ರಂಧ್ರಗಳಿಗೆ ಇಳಿಯುತ್ತದೆ. ತೇಗ, ಬೀಟೆ ಎರಡರ ರಂಧ್ರಗಳೂ ಕಣ್ಣಿಗೆ ಕಾಣುವಷ್ಟು ದೊಡ್ಡವು. ಹಾಗಾಗಿ ಅಲ್ಲಿ ಮೇಣ ಚೆನ್ನಾಗಿ ಅವಿತುಕೊಳ್ಳುತ್ತದೆ.

ಸೋಪು ನೀರೂ ಉಪಯೋಗಕ್ಕೆ ಬರುವುದಿಲ್ಲ. ಮೇಣಕ್ಕೆ ನೀರು ತಾಗುವುದೇ ಇಲ್ಲ, ಆದರೆ ಆ ನೀರು ಸಂದಿಗಳಿಗೆ ಇಳಿದು ಹಳೆ ಅಂಟನ್ನು ಸಡಿಲ ಮಾಡುತ್ತದೆ. ಹಳೆ ಕುರ್ಚಿಗಳಲ್ಲಿ ಚರ್ಮ, ಮೂಳೆ ಬೇಯಿಸಿ ಮಾಡಿದ ಅಂಟು ಇರುತ್ತದೆ, ಅದಕ್ಕೆ ನೀರು ಆಗಿಬರುವುದಿಲ್ಲ.

ಹಲಸಿನ ಹಣ್ಣು ಬಿಡಿಸುವಾಗ ಕೈಗೆ ಎಣ್ಣೆ ಸವರಿಕೊಳ್ಳುತ್ತೇವೆ, ಅಲ್ವಾ? ಹಲಸಿನ ಮೇಣ ನೀರಿಗೆ ಬಗ್ಗುವುದಿಲ್ಲ, ಎಣ್ಣೆಗೆ ಬಗ್ಗುತ್ತದೆ. ಜೇನುಮೇಣದ್ದೂ ಅದೇ ಸ್ವಭಾವ. ಅದನ್ನು ಕರಗಿಸುವುದು ಪೇಂಟ್ ತೆಳ್ಳಗೆ ಮಾಡಲು ಬಳಸುವ ಟರ್ಪೆಂಟೈನ್. ಆದರೆ ಕರಗಿತು ಅಂದರೆ ಹೋಯಿತು ಅಂತ ಅಲ್ಲ. ಕರಗಿದ ಮೇಣವನ್ನು ಅಲ್ಲೇ ಬಿಟ್ಟರೆ ಟರ್ಪೆಂಟೈನ್ ಮಾತ್ರ ಆರಿಹೋಗುತ್ತದೆ, ಮೇಣ ತೆಳ್ಳಗೆ ಹರಡಿಕೊಂಡು ಮತ್ತೆ ಅಲ್ಲೇ ಕೂರುತ್ತದೆ. ಕರಗಿಸಿದ್ದನ್ನು ಒದ್ದೆ ಇರುವಾಗಲೇ ಬಟ್ಟೆಗೆ ಎತ್ತಿಕೊಳ್ಳಬೇಕು. ಈ ಕೆಲಸದಲ್ಲಿ ಜನ ಎಡವುವುದು ಜಾಸ್ತಿ ಇಲ್ಲೇ.

ಮೊದಲು ಅದು ಮೇಣವೇ ಅಂತ ನೋಡಿ

ಸೀಟಿನ ಅಡಿಯಲ್ಲೋ ಕಾಲಿನ ಹಿಂದೆಯೋ ಕಾಣದ ಜಾಗ ಆರಿಸಿ. ಉಗುರಿನಿಂದ ಕೆರೆಯಿರಿ. ಉಗುರಿನ ಸಂದಿಯಲ್ಲಿ ಮೆತ್ತನೆಯ, ಕಂದು ಬಣ್ಣದ ಜಿಡ್ಡು ಸುರುಳಿ ಬಂದರೆ ಅದು ಮೇಣ. ಪುಡಿಯೋ ಗರಿಗರಿ ಚೂರೋ ಬಂದರೆ ಅದು ಹಳೆ ಪಾಲಿಶ್. ಆಮೇಲೆ ಬಿಳಿ ಬಟ್ಟೆಯ ತುದಿಯನ್ನು ಟರ್ಪೆಂಟೈನ್‌ನಲ್ಲಿ ಅದ್ದಿ ಅಲ್ಲೇ ಹತ್ತು ಸಲ ಉಜ್ಜಿ. ಬಟ್ಟೆ ಹಳದಿ, ಕಂದು ಆಗಿ, ಒಣಗಿದ ಮೇಲೆ ಬೆರಳಿಗೆ ಜಿಡ್ಡು ಹತ್ತಿದರೆ ಅನುಮಾನವೇ ಬೇಡ.

ಮೇಣದ ಅಡಿಯಲ್ಲಿ ಏನಿದೆ ಅಂತಲೂ ಈಗಲೇ ತಿಳಿದುಕೊಂಡರೆ ಒಳ್ಳೆಯದು. ಮೇಣ ತೆಗೆದ ಆ ಪುಟ್ಟ ಜಾಗದಲ್ಲಿ ಒಂದು ಹನಿ ಸ್ಪಿರಿಟ್, ಅಂದರೆ ಪಾಲಿಶ್ ಕೆಲಸಕ್ಕೆ ಬಳಸುವ ಮದ್ಯಸಾರ ಹಾಕಿ. ಅರ್ಧ ನಿಮಿಷದಲ್ಲಿ ಅಂಟಂಟಾದರೆ ಅದು ಅರಗಿನ ಪಾಲಿಶ್, ಅಂದರೆ ನಾವು ಫ್ರೆಂಚ್ ಪಾಲಿಶ್ ಅನ್ನುವುದು. ಸ್ಪಿರಿಟ್‌ಗೆ ಏನೂ ಆಗದೆ ಥಿನ್ನರ್ ಹನಿಗೆ ಮೆತ್ತಗಾದರೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಮೆಲಮೈನ್ ಅಥವಾ ಪಿಯುವಿನಂಥ ಗಟ್ಟಿ ಪಾಲಿಶ್ ಇರುವ ಸಾಧ್ಯತೆ ಹೆಚ್ಚು. ನಮ್ಮ ಕುರ್ಚಿಯಲ್ಲಿ ಅರಗು ಇತ್ತು. ಹಳೆ ಮನೆಗಳ ಸಾಮಾನಿನಲ್ಲಿ ಸಾಮಾನ್ಯವಾಗಿ ಸಿಗುವುದು ಅದೇ.

ಇದು ಯಾಕೆ ಮುಖ್ಯ ಅಂದರೆ, ಟರ್ಪೆಂಟೈನ್ ಮೇಣವನ್ನು ಕರಗಿಸುತ್ತದೆ, ಅರಗನ್ನು ಮುಟ್ಟುವುದಿಲ್ಲ. ಸ್ಪಿರಿಟ್ ಅರಗನ್ನು ಕರಗಿಸುತ್ತದೆ, ಮೇಣದ ಮುಂದೆ ಅದರ ಆಟ ನಡೆಯುವುದಿಲ್ಲ. ಅಡಿಯ ಪಾಲಿಶ್ ಚೆನ್ನಾಗಿದ್ದರೆ ಮೇಣವನ್ನಷ್ಟೇ ತೆಗೆದು ಅದನ್ನು ಉಳಿಸಿಕೊಳ್ಳಬಹುದು. ನೂರು ವರ್ಷದ ಅರಗಿನ ಬಣ್ಣ ಇವತ್ತು ಯಾವ ಡಬ್ಬದಲ್ಲೂ ಸಿಗುವುದಿಲ್ಲ. ದಯವಿಟ್ಟು ಅದನ್ನು ಸುಮ್ನೆ ಕಿತ್ತು ಹಾಕಬೇಡಿ.

ಏನೇನು ಬೇಕು

ಒಂದು ಕುರ್ಚಿಗೆ ಒಂದು ಲೀಟರ್ ಟರ್ಪೆಂಟೈನ್ ಸಾಕು. ಪೇಂಟ್ ಅಂಗಡಿಯಲ್ಲಿ ಈ ಹೆಸರಲ್ಲಿ ಕೊಡುವುದು ಹೆಚ್ಚಾಗಿ ಪೆಟ್ರೋಲಿಯಂನಿಂದ ಮಾಡಿದ ಮಿನರಲ್ ಟರ್ಪೆಂಟೈನ್, ಪೈನ್ ಮರದ್ದಲ್ಲ. ನಮ್ಮ ಕೆಲಸಕ್ಕೆ ಇದು ಚೆನ್ನಾಗಿಯೇ ಆಗುತ್ತದೆ. ಸೀಮೆಎಣ್ಣೆಯೂ ಮೇಣ ಕರಗಿಸುತ್ತದೆ, ಆದರೆ ನಿಧಾನಕ್ಕೆ ಆರುತ್ತದೆ, ತನ್ನದೇ ಜಿಡ್ಡು ಬಿಡುತ್ತದೆ. ಪೆಟ್ರೋಲ್ ಬೇಡವೇ ಬೇಡ. ಅದರ ಆವಿಗೆ ಒಂದು ಕಿಡಿ ಸಾಕು.

ಬಟ್ಟೆ ಜಾಸ್ತಿ ಬೇಕು. ಹಳೆ ಪಂಚೆ, ಬನಿಯನ್, ಹತ್ತಿ ಸೀರೆ ಯಾವುದಾದರೂ ಸರಿ. ಬಿಳಿಯದಾದರೆ ಉತ್ತಮ, ಎಷ್ಟು ಮೇಣ ಬರುತ್ತಿದೆ ಅಂತ ಕಾಣುತ್ತದೆ. ಸಾಲದಿದ್ದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ವೇಸ್ಟ್ ಬಟ್ಟೆ ಸಿಗುತ್ತದೆ. ಕುರ್ಚಿಗೆ ನಾನು ಎರಡು ಪಂಚೆ ಹರಿದೆ. ಅಂಗೈ ಅಗಲದ ತುಂಡುಗಳು, ಐವತ್ತರ ಹತ್ತಿರ.

ಪಾತ್ರೆ ಉಜ್ಜುವ ಹಸಿರು ನೈಲಾನ್ ಸ್ಕ್ರಬ್, ಅದೂ ಬಳಸಿ ಮೆತ್ತಗಾದದ್ದು. ಹಳೆ ಟೂತ್ ಬ್ರಷ್ ಎರಡು. ಬಿದಿರಿನ ಕಡ್ಡಿ, ತುದಿ ಚಪ್ಪಟೆ ಮಾಡಿ. ಅವಧಿ ಮುಗಿದ ಎಟಿಎಂ ಕಾರ್ಡ್ ಒಂದು, ದಪ್ಪ ಮೇಣ ಕೆರೆಯಲು. ನೈಟ್ರೈಲ್ ಕೈಗವಸು. ತೆಳ್ಳಗಿನ ರಬ್ಬರ್ ಗವಸು ಟರ್ಪೆಂಟೈನ್‌ಗೆ ಉಬ್ಬಿ ಹರಿದುಹೋಗುತ್ತದೆ.

ಪಾತ್ರೆ ತಿಕ್ಕುವ ಉಕ್ಕಿನ ನಾರನ್ನು ನಾನು ಬಳಸುವುದಿಲ್ಲ. ಅದು ಒರಟು, ಗೀರು ಬೀಳುತ್ತದೆ. ಅದೂ ಅಲ್ಲದೆ ಕಬ್ಬಿಣದ ಪುಡಿ ರಂಧ್ರಗಳಲ್ಲಿ ಉಳಿದರೆ, ಒಗರು ಇರುವ ಮರದಲ್ಲಿ ತೇವ ತಾಗಿದಾಗ ಕಪ್ಪು ಚುಕ್ಕೆ ಏಳುತ್ತದೆ.

ಎಲ್ಲಿ, ಯಾವಾಗ

ನೆರಳಿರುವ, ಗಾಳಿ ಆಡುವ ಜಾಗ. ಜಗಲಿ, ಅಂಗಳ, ಬಾಲ್ಕನಿ. ಬಿಸಿಲಲ್ಲಿ ಬೇಡ, ಒರೆಸುವ ಮೊದಲೇ ಆರಿಹೋಗುತ್ತದೆ. ಹತ್ತಿರದಲ್ಲಿ ಒಲೆ, ದೇವರ ದೀಪ, ಊದುಬತ್ತಿ, ಬೀಡಿ ಸಿಗರೇಟು ಯಾವುದೂ ಇರಬಾರದು. ಮೇಣ ತೆಗೆಯುವುದನ್ನು ಯಾವ ಕಾಲದಲ್ಲಾದರೂ ಮಾಡಬಹುದು. ಆದರೆ ಮುಂದೆ ಅರಗಿನ ಪಾಲಿಶ್ ಹಾಕುವವರು ಮಳೆಗಾಲ ಕಳೆಯಲಿ ಅಂತ ಕಾಯಿರಿ. ತೇವದ ಗಾಳಿಯಲ್ಲಿ ಅರಗು ಬೆಳ್ಳಗಾಗುತ್ತದೆ. ಮಲೆನಾಡಿನವರಿಗೆ ದೀಪಾವಳಿ ಆದಮೇಲೆಯೇ ಸರಿಯಾದ ಸಮಯ.

ಒಂದನೇ ದಿನ: ದಪ್ಪ ಮೇಣ, ಆಮೇಲೆ ಟರ್ಪೆಂಟೈನ್

ಬೆತ್ತದ ಹೆಣಿಗೆ ಇದ್ದರೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಕಟ್ಟಿ. ಹಿತ್ತಾಳೆ ಹಿಡಿ, ತಿರುಪು ಬಿಚ್ಚಲು ಬಂದರೆ ಬಿಚ್ಚಿಡಿ. ಒಣ ಬ್ರಷ್‌ನಿಂದ ಧೂಳು ಕೊಡವಿ.

ಕಾಲಿನ ಸಂದಿ, ಕೆತ್ತನೆಯ ಮೂಲೆಗಳಲ್ಲಿ ಮೇಣ ಗಟ್ಟಿಯಾಗಿ ಕೂತಿರುತ್ತದೆ. ಮೊದಲು ಅದನ್ನು ಒಣದಾಗಿಯೇ ಎಬ್ಬಿಸಿ. ತಲೆಕೂದಲು ಒಣಗಿಸುವ ಹೇರ್ ಡ್ರೈಯರ್‌ನಿಂದ ಒಂದು ಗೇಣು ದೂರದಲ್ಲಿ ಬಿಸಿ ಗಾಳಿ ಬಿಡಿ. ಮೇಣ ಹೊಳೆಯತೊಡಗಿದಾಗ ಕಾರ್ಡ್‌ನಿಂದ ಕೆರೆದು ತೆಗೆಯಿರಿ, ಉಳಿದದ್ದನ್ನು ಬಟ್ಟೆಗೆ ಒತ್ತಿ ಹೀರಿಸಿ. ಒಂದೇ ಕಡೆ ಜಾಸ್ತಿ ಹೊತ್ತು ಹಿಡಿಯಬೇಡಿ, ಅರಗೂ ಬಿಸಿಗೆ ಮೆತ್ತಗಾಗುತ್ತದೆ. ತೆಳು ಹಾಳೆ ಅಂಟಿಸಿದ ವೆನೀರ್ ಸಾಮಾನಿಗೆ ಬಿಸಿ ಗಾಳಿ ಬೇಡ, ಅಂಟು ಬಿಡುತ್ತದೆ. ಇನ್ನೊಂದು ಮಾತು: ಡ್ರೈಯರ್ ಕೆಲಸ ಪೂರ್ತಿ ಮುಗಿದು, ಅದನ್ನು ಒಳಗೆ ಇಟ್ಟು ಬಂದ ಮೇಲೆಯೇ ಟರ್ಪೆಂಟೈನ್ ಮುಚ್ಚಳ ತೆರೆಯಿರಿ. ಎರಡನ್ನೂ ಒಟ್ಟಿಗೆ ಎಂದೂ ಬಳಸಬೇಡಿ.

ಈಗ ಮುಖ್ಯ ಕೆಲಸ. ಸ್ಟೀಲ್ ಬಟ್ಟಲಿಗೆ ಅರ್ಧ ಲೋಟ ಟರ್ಪೆಂಟೈನ್ ಹಾಕಿಕೊಳ್ಳಿ. ಒಂದು ಸಲಕ್ಕೆ ಒಂದು ಅಡಿಯಷ್ಟು ಜಾಗ ಮಾತ್ರ. ಬಟ್ಟೆ ಅದ್ದಿ ಆ ಜಾಗವನ್ನು ಚೆನ್ನಾಗಿ ಒದ್ದೆ ಮಾಡಿ. ಎರಡು ಮೂರು ನಿಮಿಷ ಬಿಡಿ. ಆರುತ್ತಿದೆ ಅನಿಸಿದರೆ ಮತ್ತೆ ಸವರಿ. ಆಮೇಲೆ ಸ್ಕ್ರಬ್ ಅನ್ನು ಟರ್ಪೆಂಟೈನ್‌ನಲ್ಲಿ ಅದ್ದಿ, ಮರದ ಗೆರೆಯ ಉದ್ದಕ್ಕೆ, ಹಗುರವಾಗಿ ಉಜ್ಜಿ. ಅಡ್ಡ ಉಜ್ಜಬೇಡಿ. ಒಂದು ನಿಮಿಷದಲ್ಲಿ ಕಂದು ಬಣ್ಣದ ರಾಡಿ ಏಳುತ್ತದೆ. ಕಾಫಿ ಗಷ್ಟಿನ ಹಾಗೆ ಕಾಣುತ್ತದೆ.

ಆ ರಾಡಿಯನ್ನು ತಕ್ಷಣ ಒಣ ಬಟ್ಟೆಯಿಂದ ಎತ್ತಿ. ಒರೆಸುವುದು ಅಂದರೆ ಹರಡುವುದಲ್ಲ. ಬಟ್ಟೆಯನ್ನು ಒಂದೇ ದಿಕ್ಕಿನಲ್ಲಿ ಎಳೆದುಕೊಂಡು ಬನ್ನಿ, ಮಡಿಕೆ ಬದಲಿಸಿ, ಮತ್ತೆ ಎಳೆಯಿರಿ. ಮಡಿಕೆಗಳೆಲ್ಲ ಕಂದಾದ ಮೇಲೆ ಆ ತುಂಡು ಮುಗಿಯಿತು, ಹೊಸದು ತೆಗೆದುಕೊಳ್ಳಿ. ಕೊಳೆ ಬಟ್ಟೆಯಿಂದ ಒರೆಸಿದರೆ ಇಲ್ಲಿಯ ಮೇಣ ಅಲ್ಲಿಗೆ ಹೋಗುತ್ತದೆ ಅಷ್ಟೇ. ಬಟ್ಟಲಿನ ಟರ್ಪೆಂಟೈನ್ ಕೂಡ ಕಡು ಚಹಾದ ಬಣ್ಣಕ್ಕೆ ಬಂದರೆ ಬದಲಿಸಿ, ಆಗ ಅದೇ ಮೇಣದ ಪಾಲಿಶ್ ಆಗಿಬಿಟ್ಟಿರುತ್ತದೆ.

ಕುರ್ಚಿಯ ಎಡಗೈಯನ್ನು ಮೊದಲು ಮಾಡಿದೆ. ಮೂರನೇ ಬಟ್ಟೆ ಎತ್ತಿದಾಗ ಕಪ್ಪು ಹೋಗಿ ನೇರಳೆ ಮಿಶ್ರಿತ ಕಂದು ಬಣ್ಣ ಕಂಡಿತು, ಅದರಲ್ಲಿ ಸಣ್ಣ ಸಣ್ಣ ಕಪ್ಪು ಗೆರೆ. ನಾನು ಹುಟ್ಟಿದಾಗಿನಿಂದ ನೋಡಿದ ಕುರ್ಚಿ ಅದು. ಅದಕ್ಕೆ ಇಂಥ ಬಣ್ಣ ಇದೆ ಅಂತ ಗೊತ್ತೇ ಇರಲಿಲ್ಲ.

ಹೀಗೆ ಇಡೀ ಕುರ್ಚಿಯನ್ನು ಒಂದು ಸುತ್ತು ಮುಗಿಸಿ. ಕೆತ್ತನೆ, ಕಡೆದ ಕಾಲುಗಳಿಗೆ ಟೂತ್ ಬ್ರಷ್. ಬ್ರಷ್‌ನಿಂದ ಎಬ್ಬಿಸಿದ್ದನ್ನು ಬಟ್ಟೆ ಸುತ್ತಿದ ಬಿದಿರು ಕಡ್ಡಿಯಿಂದ ಎತ್ತಿ. ದುಂಡಗಿನ ಕಾಲಿನ ಸುತ್ತಲಿನ ತಗ್ಗುಗಳಿಗೆ ಬಟ್ಟೆಯನ್ನು ಹಗ್ಗದ ಹಾಗೆ ಹೊಸೆದು, ಟರ್ಪೆಂಟೈನ್‌ನಲ್ಲಿ ಅದ್ದಿ, ಮೊಸರು ಕಡೆಯುವಾಗ ಎಳೆದ ಹಾಗೆ ಹಿಂದೆ ಮುಂದೆ ಎಳೆಯಿರಿ. ಒಣ ಹಗ್ಗದಿಂದ ಮತ್ತೊಮ್ಮೆ ಎಳೆದು ಎತ್ತಿಕೊಳ್ಳಿ.

ಅಂಗಡಿಯ ಡಬ್ಬದ ಮೇಣ ಹಚ್ಚಿದ್ದರೆ ಹೊತ್ತು ಜಾಸ್ತಿ ಬೇಕು. ಅವುಗಳಲ್ಲಿ ಎಷ್ಟೋ ಸಲ ಕಾರ್ನೌಬಾ ಸೇರಿರುತ್ತದೆ. ಬ್ರೆಜಿಲ್‌ನ ಒಂದು ತಾಳೆ ಜಾತಿಯ ಮರದ ಎಲೆಯಿಂದ ತೆಗೆಯುವ ಮೇಣ ಅದು. ಕರಗಲು 80 ಡಿಗ್ರಿಗಿಂತ ಹೆಚ್ಚು ಬೇಕು, ಜೇನುಮೇಣಕ್ಕಿಂತ ಗಟ್ಟಿ. ಎರಡು ಮೂರು ನಿಮಿಷದ ಬದಲು ಐದಾರು ನಿಮಿಷ ಒದ್ದೆ ಇಡಿ, ಸುತ್ತು ಹೆಚ್ಚು ಮಾಡಿ. ಜೋರು ಹಾಕಿ ಉಜ್ಜಬೇಡಿ.

ಮೊದಲ ಸುತ್ತು ಆದ ಮೇಲೆ ಅರ್ಧ ಗಂಟೆ ಬಿಟ್ಟು, ಹೊಸ ಟರ್ಪೆಂಟೈನ್, ಹೊಸ ಬಟ್ಟೆಯಲ್ಲಿ ಎರಡನೇ ಸುತ್ತು. ಈ ಸಲ ಸ್ಕ್ರಬ್ ಬೇಡ, ಬಟ್ಟೆ ಸಾಕು. ಆಮೇಲೆ ಮೂರನೆಯದು. ಮೂರನೇ ಸುತ್ತಿನಲ್ಲಿ ಬಿಳಿ ಬಟ್ಟೆ ಬಿಳಿಯಾಗಿಯೇ ಉಳಿಯಬೇಕು. ಬೀಟೆಯಂಥ ಮರದಲ್ಲಿ ಮರದ್ದೇ ಬಣ್ಣ ಚೂರು ಹತ್ತಬಹುದು, ಆದರೆ ಜಿಡ್ಡು ಇರಬಾರದು. ನಮ್ಮ ಕುರ್ಚಿಗೆ ನಾಲ್ಕು ಸುತ್ತು ಬೇಕಾಯಿತು.

ಬಟ್ಟೆ, ಉಳಿದ ಟರ್ಪೆಂಟೈನ್ ಏನು ಮಾಡುವುದು

ಇದನ್ನು ಓದದೆ ಮುಂದೆ ಹೋಗಬೇಡಿ. ಒದ್ದೆ ಬಟ್ಟೆಗಳನ್ನು ಮುದ್ದೆ ಮಾಡಿ ಕಸದ ಬುಟ್ಟಿಗೆ ಹಾಕಬಾರದು. ಹಳೆ ಮನೆಪಾಲಿಶ್‌ಗಳಿಗೆ ಅಗಸೆ ಎಣ್ಣೆ ಸೇರಿಸಿರುವುದುಂಟು. ಅಗಸೆ ಎಣ್ಣೆ ಒಣಗುವಾಗ ಗಾಳಿಯ ಜೊತೆ ಸೇರಿ ಬಿಸಿ ಹುಟ್ಟಿಸುತ್ತದೆ. ಮುದ್ದೆಯೊಳಗೆ ಆ ಬಿಸಿ ಹೊರಗೆ ಹೋಗಲಾಗದೆ, ಕಿಡಿಯೇ ಇಲ್ಲದೆ ತಾನಾಗಿ ಬೆಂಕಿ ಹೊತ್ತಿಕೊಳ್ಳಬಹುದು. ನಿಮ್ಮ ಮೇಣದಲ್ಲಿ ಏನು ಬೆರೆಸಿದ್ದರು ಅಂತ ಯಾರಿಗೆ ಗೊತ್ತು? ಹಾಗಾಗಿ ಒಂದೊಂದು ತುಂಡನ್ನೂ ಬಿಡಿಸಿ, ಮನೆಯಿಂದ ದೂರ, ಹೊರಗೆ ನೆರಳಲ್ಲಿ ಹಗ್ಗದ ಮೇಲೆ ಹರಡಿ. ಪೂರ್ತಿ ಒಣಗಿ ಗಟ್ಟಿಯಾದ ಮೇಲೆ ಕಸಕ್ಕೆ ಕೊಡಿ.

ಉಳಿದ ಟರ್ಪೆಂಟೈನ್ ಅನ್ನು ಮೋರಿಗೆ, ಗಿಡದ ಬುಡಕ್ಕೆ ಸುರಿಯಬೇಡಿ. ಗಾಜಿನ ಬಾಟಲಿಯಲ್ಲಿ ಮುಚ್ಚಿಡಿ. ಕೊಳೆ ಅಡಿಗೆ ಕೂರುತ್ತದೆ. ಮೇಲಿನ ತಿಳಿಯಲ್ಲಿ ಕರಗಿದ ಮೇಣ ಇನ್ನೂ ಇರುತ್ತದೆ. ಅದನ್ನು ಮುಂದಿನ ಸಾಮಾನಿನ ಮೊದಲ ಸುತ್ತಿಗೆ ಮಾತ್ರ ಬಳಸಿ, ಕೊನೆಯ ಸುತ್ತಿಗೆ ಬೇಡ. ಬಾಟಲಿಯ ಮೇಲೆ ಹೆಸರು ಬರೆದು ಮಕ್ಕಳ ಕೈಗೆ ಸಿಗದಂತೆ ಇಡಿ.

ಎರಡನೇ ದಿನ: ನಿಜವಾಗಿ ಹೋಗಿದೆಯಾ?

ಒಂದು ರಾತ್ರಿ ಆರಲು ಬಿಡಿ. ಬೆಳಿಗ್ಗೆ ಓರೆ ಬೆಳಕಿನಲ್ಲಿ ನೋಡಿ. ಮೇಣ ಉಳಿದ ಕಡೆ ವಿಭೂತಿ ತೆಳುವಾಗಿ ಬಳಿದ ಹಾಗೆ ಮಬ್ಬು ಕಾಣುತ್ತದೆ, ರಂಧ್ರಗಳಲ್ಲಿ ಬಿಳಿ ಚುಕ್ಕೆ ಇರುತ್ತದೆ. ಅಂಗೈ ಆಡಿಸಿ ನೋಡಿ. ಮೇಣ ಇದ್ದ ಕಡೆ ಕೈ ಜಾರುತ್ತದೆ, ಹೋದ ಕಡೆ ಚೂರು ಹಿಡಿಯುತ್ತದೆ. ಕೈಗೆ ಎಣ್ಣೆ, ಜಿಡ್ಡು ಇರಬಾರದು.

ಇನ್ನೂ ನಂಬಿಕೆಯ ಪರೀಕ್ಷೆ ಸ್ಯಾಂಡ್ ಪೇಪರ್‌ನದು. 320 ನಂಬರಿನ ಹೊಸ ಪೇಪರ್ ತುಂಡಿನಿಂದ ಹತ್ತು ಸಲ ಹಗುರವಾಗಿ ಉಜ್ಜಿ. ಒಣ ಪುಡಿ ಉದುರಿದರೆ ಗೆದ್ದಿರಿ. ಪೇಪರಿನ ಮೇಲೆ ಸಣ್ಣ ಉಂಡೆ ಕಟ್ಟಿ ಅಂಟಿಕೊಂಡರೆ ಇನ್ನೊಂದು ಸುತ್ತು ಟರ್ಪೆಂಟೈನ್. ಬೇಜಾರು ಮಾಡಿಕೊಳ್ಳಬೇಡಿ, ಪಾಲಿಶ್ ಹೊಡೆದ ಮೇಲೆ ತಿಳಿಯುವುದಕ್ಕಿಂತ ಇದು ಎಷ್ಟೋ ವಾಸಿ.

ಕುರ್ಚಿಯ ಕೈಗಳಲ್ಲಿ ಬೆವರು, ಕೊಳೆ ಬೇರೆ ಇರುತ್ತದೆ. ಅದು ಟರ್ಪೆಂಟೈನ್‌ಗೆ ಹೋಗುವಂಥದ್ದಲ್ಲ. ಮೇಣ ಹೋದ ಮೇಲೆ, ಅರ್ಧ ಬಕೆಟ್ ನೀರಿಗೆ ಎರಡು ಹನಿ ಪಾತ್ರೆ ಸೋಪು ಹಾಕಿ, ಬಟ್ಟೆಯನ್ನು ಗಟ್ಟಿಯಾಗಿ ಹಿಂಡಿ ಒಮ್ಮೆ ಒರೆಸಿ. ತಕ್ಷಣ ಬರೀ ನೀರಿನ ಹಿಂಡಿದ ಬಟ್ಟೆ, ತಕ್ಷಣ ಒಣ ಬಟ್ಟೆ. ನೀರು ನಿಲ್ಲಬಾರದು.

ಕೆಲವರು ಬೇಗ ಆಗಲಿ ಅಂತ ಕಾಸ್ಟಿಕ್ ಸೋಡಾ ನೀರು ಹಾಕುತ್ತಾರೆ. ಬೇಡ ಅಂತ ಕೈ ಮುಗಿದು ಹೇಳುತ್ತೇನೆ. ಒಗರಿರುವ ಮರ ಕಪ್ಪಾಗುತ್ತದೆ, ಅಂಟು ಬಿಡುತ್ತದೆ, ಕೈಯೂ ಸುಡುತ್ತದೆ. ಪೇಂಟ್ ರಿಮೂವರ್ ಹಾಕಿ ಹಳೆ ಪಾಲಿಶ್ ಪೂರ್ತಿ ತೆಗೆಯುವವರೂ ಒಂದು ವಿಷಯ ತಿಳಿದಿರಬೇಕು. ಎಷ್ಟೋ ರಿಮೂವರ್‌ಗಳಲ್ಲಿ ಅದು ಬೇಗ ಆರಬಾರದು ಅಂತ ಪ್ಯಾರಾಫಿನ್ ಮೇಣವನ್ನೇ ಸೇರಿಸಿರುತ್ತಾರೆ. ಪಾಲಿಶ್ ಕಿತ್ತ ಮೇಲೆ ಮತ್ತೆ ಟರ್ಪೆಂಟೈನ್ ಸುತ್ತು ಮಾಡದಿದ್ದರೆ ಹಳೆ ಮೇಣದ ಜಾಗಕ್ಕೆ ಹೊಸ ಮೇಣ ಬಂದು ಕೂತಂತಾಗುತ್ತದೆ.

ಮೈಸೂರಿನ ಇನ್‌ಲೇ ಕೆಲಸ, ಅಂದರೆ ಮರದಲ್ಲಿ ಬೇರೆ ಬಣ್ಣದ ತುಂಡು ಕೂರಿಸಿ ಮಾಡಿದ ಚಿತ್ರ ಇರುವ ಬೀಟೆ ಸಾಮಾನು ನಿಮ್ಮ ಹತ್ತಿರ ಇದ್ದರೆ ಇನ್ನೂ ಹುಷಾರು. ಸ್ಪಿರಿಟ್, ಥಿನ್ನರ್ ಎರಡೂ ಬೀಟೆಯ ಬಣ್ಣ ಬಿಡಿಸಿ ಪಕ್ಕದ ಬಿಳಿ ಚಿತ್ರಕ್ಕೆ ಹತ್ತಿಸುತ್ತವೆ. ಬಿಳಿ ಭಾಗ ಪ್ಲಾಸ್ಟಿಕ್ ಆಗಿದ್ದರೆ ಥಿನ್ನರ್‌ಗೆ ಕರಗಲೂಬಹುದು. ಅಲ್ಲಿ ಟರ್ಪೆಂಟೈನ್‌ನಲ್ಲಿ ಅದ್ದಿ ಹಿಂಡಿದ ಬಟ್ಟೆ ಸಾಕು, ಸ್ಕ್ರಬ್ ತಾಗಿಸಬೇಡಿ. ತುಂಬ ಹಳೆಯದು, ಬೆಲೆಬಾಳುವಂಥದ್ದು ಅನಿಸಿದರೆ ಆ ಕಸುಬು ಬಲ್ಲವರಿಗೇ ತೋರಿಸಿ.

ಹೊಸ ಪಾಲಿಶ್‌ಗೆ ದಾರಿ

ಅಡಿಯ ಅರಗು ಗಟ್ಟಿಯಾಗಿದ್ದರೆ ಪೂರ್ತಿ ಉಜ್ಜಿ ಮರ ಕಾಣಿಸಬೇಕಾಗಿಲ್ಲ. 320ರಲ್ಲಿ ಹಗುರವಾಗಿ ಉಜ್ಜಿ, ಪುಡಿ ಒರೆಸಿ, ಅದರ ಮೇಲೆ ಹೊಸ ಅರಗು ಹಾಕಿ. ಹೊಸದು ಹಳೆಯದರೊಳಗೆ ಕರಗಿ ಒಂದಾಗುತ್ತದೆ. ಪಾಲಿಶ್ ಹಾಳಾಗಿದ್ದರೆ 180, ಆಮೇಲೆ 220 ಹಾಕಿ ಮರದವರೆಗೆ ಉಜ್ಜಿ. ಬೀಟೆಯ ಪುಡಿ ಕೆಲವರಿಗೆ ಮೈ ಕಡಿತ, ಸೀನು ತರುತ್ತದೆ, ಮಾಸ್ಕ್ ಹಾಕಿಕೊಳ್ಳಿ.

ಪಿಯು ಅಥವಾ ಮೆಲಮೈನ್ ಹಾಕುವವರು ನೇರವಾಗಿ ಹೊಡೆಯಬೇಡಿ. ರಂಧ್ರದೊಳಗೆ ಉಳಿದ ಚೂರು ಪಾರು ಮೇಣವನ್ನು ಒಳಗೇ ಮುಚ್ಚಿಡಲು ಮೊದಲು ತೆಳ್ಳಗಿನ ಅರಗು ಒಂದು ಕೋಟ್ ಬೇಕು. ಅದಕ್ಕೆ ಮೇಣ ತೆಗೆದ ಅರಗು ಆಗಬೇಕು, ಯಾಕೆಂದರೆ ಅರಗಿನಲ್ಲೂ ಹುಟ್ಟಿನಿಂದಲೇ ನೂರಕ್ಕೆ ಮೂರರಿಂದ ಐದು ಭಾಗ ಮೇಣ ಇರುತ್ತದೆ. ಅಂಗಡಿಯಲ್ಲಿ ಸಿಗದಿದ್ದರೆ ಮನೆಯಲ್ಲೇ ಮಾಡಿಕೊಳ್ಳಬಹುದು. ಒಂದು ಲೀಟರ್ ಸ್ಪಿರಿಟ್‌ಗೆ 120 ಗ್ರಾಂ ಅರಗಿನ ಚೂರು ಹಾಕಿ, ಗಾಜಿನ ಬಾಟಲಿಯಲ್ಲಿ ಕರಗಿಸಿ. ಅಲುಗಾಡಿಸದೆ ಒಂದೆರಡು ವಾರ ಇಡಿ. ಮೇಣ ಮೋಡದ ಹಾಗೆ ಅಡಿಗೆ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಬೇರೆ ಬಾಟಲಿಗೆ ಬಗ್ಗಿಸಿಕೊಳ್ಳಿ. ಗಂಜಿ ಬಸಿಯುವ ಕೈ ಇದ್ದವರಿಗೆ ಇದು ಕಷ್ಟವಲ್ಲ.

ಪಾಲಿಶ್ ಶುರು ಮಾಡುವ ಮೊದಲು ಕೊನೆಯ ಟರ್ಪೆಂಟೈನ್ ಒರೆಸಿ ಕನಿಷ್ಠ ಒಂದು ಹಗಲು ಒಂದು ರಾತ್ರಿ ಆಗಿರಲಿ. ಮರಕ್ಕೆ ಮೂಗು ಹತ್ತಿರ ತಂದರೆ ವಾಸನೆ ಬರಬಾರದು. ವಾಸನೆ ಇದ್ದರೆ ಇನ್ನೂ ಕಾಯಿರಿ.

ನಾನು ಕುರ್ಚಿಗೆ ಅರಗನ್ನೇ ಹಾಕಿದೆ. ಬೆನ್ನು, ಕಾಲುಗಳಿಗೆ ಮೂರು ಕೋಟ್. ಕೈಗಳಿಗೆ ಮಾತ್ರ ಐದು, ಕೂತವರ ಬೆವರು ತಾಗುವುದು ಅಲ್ಲೇ ಜಾಸ್ತಿ. ಮೇಣವನ್ನೂ ಮತ್ತೆ ಹಚ್ಚಿದ್ದೇನೆ, ಪಾಲಿಶ್ ಗಟ್ಟಿಯಾಗಲಿ ಅಂತ ಒಂದು ತಿಂಗಳು ಬಿಟ್ಟು, ಬೆರಳ ತುದಿಯಷ್ಟು. ಮುಂದಿನ ದೀಪಾವಳಿಗೆ ಹೊಸದು ಹಚ್ಚುವ ಮೊದಲು ಟರ್ಪೆಂಟೈನ್ ಬಟ್ಟೆಯಲ್ಲಿ ಇದನ್ನು ಒರೆಸಿ ತೆಗೆಯುತ್ತೇನೆ.